ಕರೆಂಟ್ ಹೋಯ್ತು ಅಂತ ಸರ್ವರ್‌ಗೆ ಹೇಳೋರು ಯಾರು? ಕೋಲಾರದ ಒಂದು ಮನೆಯ ಪ್ರಕರಣ

ಇದು ಕೋಲಾರ ಊರಿನ ಅಂಚಿನ ಒಂದು ಮನೆಯಲ್ಲಿ ನಡೆದದ್ದು. ಮನೆಯವರು ಒಪ್ಪಿದ ಮೇಲೆ ಬರೆಯುತ್ತಿದ್ದೇನೆ. ಯಾರ ಮನೆ ಅಂತ ಗೊತ್ತಾಗದಿರಲಿ ಅಂತ ಒಂದೆರಡು ವಿವರ ಬದಲಿಸಿದ್ದೇನೆ. ಯಂತ್ರಗಳು ಮಾಡಿದ ಕಿತಾಪತಿ ಮಾತ್ರ ಇದ್ದದ್ದು ಇದ್ದಂತೆಯೇ ಇದೆ. ಅದರಲ್ಲಿ ನನ್ನ ತಪ್ಪುಗಳೂ ಸೇರಿವೆ.

ಮನೆ ಯಜಮಾನರು ಮದುವೆ ಫೋಟೋ ತೆಗೆಯುವವರು. ಮುಹೂರ್ತದ ದಿನಗಳಲ್ಲಿ ವಾರಕ್ಕೆ ಮೂರು ನಾಲ್ಕು ಮದುವೆ. ಒಂದೊಂದಕ್ಕೆ ನೂರಾರು ಜಿಬಿ ಫೋಟೋ, ವಿಡಿಯೋ. ಮೊದಲು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗಳ ಗುಡ್ಡೆ ಇತ್ತು. ಅದರಲ್ಲಿ ಯಾವ ಮದುವೆ ಎಲ್ಲಿದೆ ಅಂತ ಹುಡುಕುವುದೇ ಅರ್ಧ ದಿನದ ಕೆಲಸ. ಆಮೇಲೆ ಹಳೇ ಡೆಸ್ಕ್‌ಟಾಪ್ ಒಂದಕ್ಕೆ ಲಿನಕ್ಸ್ ಹಾಕಿ, 4 ಟಿಬಿಯ ಎರಡು ಡಿಸ್ಕ್ ಜೋಡಿಸಿ, ಒಂದರಲ್ಲಿದ್ದದ್ದು ಇನ್ನೊಂದರಲ್ಲೂ ಇರುವ ಹಾಗೆ ಮಾಡಿ, ಮೆಟ್ಟಿಲ ಕೆಳಗೆ ಇಟ್ಟೆವು. ಅದೇ ನಮ್ಮ ಸರ್ವರ್. ಫೋಟೋ ನೋಡಲು ಒಂದು ಆ್ಯಪ್, ಅದಕ್ಕೊಂದು ಡೇಟಾಬೇಸ್. ಎಲ್ಲ ಸೇರಿ ಎಳೆಯುವುದು 60 ವ್ಯಾಟ್ ಆಸುಪಾಸು. ಮನೆಗೆ ಇನ್ವರ್ಟರ್ ಮೊದಲೇ ಇತ್ತು, 150 ಎಎಚ್ ಟ್ಯೂಬುಲರ್ ಬ್ಯಾಟರಿ. ಸರ್ವರ್ ಪ್ಲಗ್ ಅದರ ಲೈನಿಗೇ ಹೋಯಿತು. ಇನ್ನೇನು ಬೇಕು ಅಂದುಕೊಂಡೆವು.

ಏಪ್ರಿಲ್ ಕೊನೆಯಲ್ಲಿ ಒಂದು ರಾತ್ರಿ ಗಾಳಿ ಮಳೆ. ನಮ್ಮ ಕಡೆ ಆ ಹೊತ್ತಿನ ಮಳೆ ಅಂದರೆ ಶ್ರೀನಿವಾಸಪುರದ ಮಾವಿನ ತೋಟದವರು ನಿದ್ದೆ ಮಾಡುವುದಿಲ್ಲ, ಲೈನ್‌ಮನ್‌ಗಳೂ ಮಾಡುವುದಿಲ್ಲ. ಕರೆಂಟ್ ಹೋದದ್ದು ಹನ್ನೊಂದೂವರೆಗೆ. ಫ್ಯಾನು ಮೂರು, ಲೈಟು, ಸರ್ವರ್, ಎಲ್ಲ ಇನ್ವರ್ಟರ್ ಮೇಲೆ. ಯಜಮಾನರು ಎರಡು ಗಂಟೆಗೆ ಮದುವೆ ಮನೆಯಿಂದ ಬಂದು, ಕಾರ್ಡ್‌ಗಳನ್ನು ಕಾಪಿಗೆ ಹಾಕಿ, ಊಟ ಮಾಡಿ, ಕಾಪಿ ಮುಗಿಯುವ ಮೊದಲೇ ಮಲಗಿದರು. ಮೂರೂ ಮುಕ್ಕಾಲರ ಸುಮಾರಿಗೆ ಇನ್ವರ್ಟರ್ ಬ್ಯಾಟರಿ ಖಾಲಿ. ಫ್ಯಾನ್ ನಿಂತಿತು, ಸೆಕೆಗೆ ಮನೆಯವರೆಲ್ಲ ಎದ್ದರು. ಸರ್ವರ್ ಸತ್ತದ್ದು ಮಾತ್ರ ಯಾರಿಗೂ ಗೊತ್ತಾಗಲಿಲ್ಲ.

ಬೆಳಿಗ್ಗೆ ನೋಡಿದರೆ ಆ್ಯಪ್ ತೆರೆಯಲಿಲ್ಲ, ಡೇಟಾಬೇಸ್ ಕೆಟ್ಟಿತ್ತು. ಅದಕ್ಕಿಂತ ಹೆದರಿಕೆ ಹುಟ್ಟಿಸಿದ್ದು ಆ ರಾತ್ರಿ ಕಾಪಿ ಆದ ಫೋಲ್ಡರ್. ಕೊನೆಯ ಒಂದಷ್ಟು ಫೋಟೋಗಳ ಹೆಸರು ಇದೆ, ಒಳಗೆ ಸೊನ್ನೆ ಬೈಟ್. ಇದು ಮಾಯ ಮಂತ್ರ ಅಲ್ಲ. ಕಾಪಿ ಮಾಡಿದ್ದನ್ನು ಲಿನಕ್ಸ್ ಮೊದಲು ರ್‍ಯಾಮ್‌ನಲ್ಲಿ ಇಟ್ಟುಕೊಂಡು, ಆಮೇಲೆ ನಿಧಾನಕ್ಕೆ ಡಿಸ್ಕ್‌ಗೆ ಬರೆಯುತ್ತದೆ. ಯಾರೂ ಸೆಟ್ಟಿಂಗ್ ಮುಟ್ಟಿಲ್ಲದಿದ್ದರೆ 30 ಸೆಕೆಂಡಿನಷ್ಟು ಹಳೆಯ ಡೇಟಾ ಕೂಡ ಇನ್ನೂ ಬರೆಯದೆ ಉಳಿದಿರಬಹುದು. ಆ ಹೊತ್ತಿಗೆ ಕರೆಂಟ್ ಹೋದರೆ ಅಷ್ಟೂ ಹೋಯಿತು. ಎರಡು ಡಿಸ್ಕ್ ಇದ್ದರೂ ಉಪಯೋಗ ಇಲ್ಲ, ಬರೆಯದೇ ಇದ್ದದ್ದು ಎರಡರಲ್ಲೂ ಇರುವುದಿಲ್ಲ. ಕಾರ್ಡ್ ಫಾರ್ಮ್ಯಾಟ್ ಮಾಡಿರಲಿಲ್ಲ, ಅದೊಂದೇ ಪುಣ್ಯ.

ಯುಪಿಎಸ್ ತಗೊಳ್ಳೋಣ ಅಂದೆ, ಅಂದರೆ ಕರೆಂಟ್ ಹೋದಾಗ ಕಂಪ್ಯೂಟರ್ ಅನ್ನು ಸ್ವಲ್ಪ ಹೊತ್ತು ಹಿಡಿದಿಟ್ಟು, ಅದಕ್ಕೆ ಸುದ್ದಿಯನ್ನೂ ಮುಟ್ಟಿಸುವ ಚಿಕ್ಕ ಬ್ಯಾಟರಿ ಡಬ್ಬ. ಮನೆಯ ಹಿರಿಯರು ಒಪ್ಪಲಿಲ್ಲ. "ಇಷ್ಟು ದೊಡ್ಡ ಬ್ಯಾಟರಿ ಇಟ್ಕೊಂಡು ಇನ್ನೊಂದು ಡಬ್ಬ ಯಾಕಪ್ಪಾ? ಬೆಂಗಳೂರಿಗಿಂತ ಮುಂಚೆ ಕರೆಂಟ್ ಬಂದ ಜಿಲ್ಲೆ ನಮ್ಮದು" ಅಂದರು. ಇಲ್ಲಿ ಕರೆಂಟಿನ ಮಾತು ಬಂದರೆ 1902ರಲ್ಲಿ ಶಿವನಸಮುದ್ರದಿಂದ ಚಿನ್ನದ ಗಣಿಗೆ ಲೈನ್ ಎಳೆದ ಕಥೆ ಬಂದೇ ಬರುತ್ತದೆ. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ಕಥೆ ನಿಜವೇ. ಅವರ ಪ್ರಶ್ನೆಯೂ ನ್ಯಾಯವಾದದ್ದೇ. ಬ್ಯಾಟರಿ ಸಾಲದೆ ಹೀಗಾಯಿತು ಅಂತಲ್ಲ. ಬ್ಯಾಟರಿ ಮುಗಿಯುತ್ತಾ ಬಂತು ಅಂತ ಸರ್ವರ್‌ಗೆ ಹೇಳುವವರು ಯಾರೂ ಇರಲಿಲ್ಲ. ಆ ಇನ್ವರ್ಟರ್‌ಗೆ ಬಾಯಿಲ್ಲ, ಮುಗಿಯುವ ಮುಂಚೆ ಕುಂಯ್ ಅನ್ನುತ್ತದೆ ಅಷ್ಟೇ. ಮೆಟ್ಟಿಲ ಕೆಳಗಿನ ಡೆಸ್ಕ್‌ಟಾಪ್‌ಗೆ ಕಿವಿಯೂ ಇಲ್ಲ.

ಆದ್ದರಿಂದ ಮೊದಲು ಖರ್ಚಿಲ್ಲದ ದಾರಿ ಹಿಡಿದೆವು. ಮನೆಯಲ್ಲಿ ಒಂದು ವೈಫೈ ಸ್ಮಾರ್ಟ್ ಪ್ಲಗ್ ಬಿದ್ದಿತ್ತು. ಅದನ್ನು ಇನ್ವರ್ಟರ್ ಇಲ್ಲದ ಸಾಕೆಟ್‌ಗೆ ಹಾಕಿದೆವು. ಸರ್ವರ್ ನಿಮಿಷಕ್ಕೊಮ್ಮೆ ಅದನ್ನು ಪಿಂಗ್ ಮಾಡಬೇಕು, ಅಂದರೆ ಇದ್ದೀಯಾ ಅಂತ ಕೇಳಬೇಕು. ಐದು ಸಲ ಉತ್ತರ ಬರದಿದ್ದರೆ ಕರೆಂಟ್ ಇಲ್ಲ ಅಂತ ಲೆಕ್ಕ, ಅರ್ಧ ಗಂಟೆ ಕಾದು ತಾನೇ ಶಟ್‌ಡೌನ್ ಆಗಬೇಕು. ಸ್ಕ್ರಿಪ್ಟ್ ಹತ್ತು ಸಾಲು. ಎರಡು ವಾರ ಚೆನ್ನಾಗಿ ಓಡಿತು, ನಾನೂ ಸ್ವಲ್ಪ ಬೀಗಿದೆ.

ಆಮೇಲೆ ಒಂದು ಶನಿವಾರ ಮಧ್ಯಾಹ್ನ, ಮನೆಯಲ್ಲಿ ಕರೆಂಟ್ ಇದ್ದಾಗಲೇ, ಗಿರಾಕಿ ಎದುರು ಕೂತು ಆಲ್ಬಂ ಆಯ್ಕೆ ಮಾಡುತ್ತಿದ್ದಾಗ ಸರ್ವರ್ ಬಂದ್. ರೌಟರ್ ಕೈಕೊಟ್ಟಿತ್ತು. ಪ್ಲಗ್ ಸಿಗಲಿಲ್ಲ, ಸ್ಕ್ರಿಪ್ಟ್ ಪಾಪ ತನ್ನ ಕೆಲಸ ಮಾಡಿತು. ಅದನ್ನು ಸರಿ ಮಾಡುವಷ್ಟರಲ್ಲಿ ಇನ್ನೊಂದು. ಇಸ್ತ್ರಿ ಪೆಟ್ಟಿಗೆ ಹಾಕಲು ಯಾರೋ ಆ ಪ್ಲಗ್ಗನ್ನೇ ಕಿತ್ತಿಟ್ಟಿದ್ದರು. ಉತ್ತರ ಬರಲಿಲ್ಲ ಅಂದರೆ ಕರೆಂಟ್ ಹೋಗಿದೆ ಅಂತ ನಾನು ತೀರ್ಮಾನ ಮಾಡಿದ್ದೇ ತಪ್ಪು. ಉತ್ತರ ಬರದೇ ಇರಲು ಹತ್ತು ಕಾರಣ ಇರುತ್ತವೆ. ಇನ್ನೂ ಒಂದು ಕೊರತೆ ಇತ್ತು. ಈ ಪ್ಲಗ್ ಹೇಳುವುದು ಬೀದಿಯಲ್ಲಿ ಕರೆಂಟ್ ಇದೆಯಾ ಇಲ್ಲವಾ ಅಂತ ಮಾತ್ರ. ಇನ್ವರ್ಟರ್ ಇನ್ನೆಷ್ಟು ಹೊತ್ತು ಎಳೆಯುತ್ತದೆ ಅಂತ ಅದಕ್ಕೆ ಗೊತ್ತಿಲ್ಲ.

ಈಗ ಯುಪಿಎಸ್‌ಗೆ ಒಪ್ಪಿಗೆ ಸಿಕ್ಕಿತು. ಯಜಮಾನರೇ ಹೋಗಿ ಒಂದು ತಂದರು. ಹಿಂದೆ ಯುಎಸ್‌ಬಿ ತೂತು ಇತ್ತು. ಕೇಬಲ್ ಹಾಕಿದೆ, ಸರ್ವರ್‌ಗೆ ಏನೂ ಕಾಣಲಿಲ್ಲ. ಅದು ಮೊಬೈಲ್ ಚಾರ್ಜ್ ಮಾಡಲು ಇಟ್ಟ ತೂತು! ಅಂಗಡಿಯವರನ್ನು ಬೈದು ಪ್ರಯೋಜನ ಇಲ್ಲ, ನಾವೂ ಕೇಳಿರಲಿಲ್ಲ. ಕೊಳ್ಳುವವರು "ಯುಎಸ್‌ಬಿ ಇದೆಯಾ" ಅಂತ ಕೇಳಬೇಡಿ, "ಕಂಪ್ಯೂಟರ್‌ಗೆ ಡೇಟಾ ಕೊಡುತ್ತಾ" ಅಂತ ಕೇಳಿ. ಡೇಟಾ ಕೊಡುವ ತೂತು ಸಾಮಾನ್ಯವಾಗಿ ಪ್ರಿಂಟರ್ ಹಿಂದೆ ಇರುವಂಥ ಚೌಕದ್ದು. ವಾಪಸ್ ಕೊಟ್ಟು 600 ವಿಎಯ ಇನ್ನೊಂದು ತಂದೆವು. ಶೋಕೇಸಿನಲ್ಲಿ ತುಂಬಾ ದಿನ ಕೂತಿದ್ದ ಪೀಸ್ ಅಂತ ಕಡಿಮೆಗೆ ಸಿಕ್ಕಿತು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಇದರ ಜೊತೆ ಮಾತಾಡಲು ಹಾಕಿದ್ದು ನೆಟ್‌ವರ್ಕ್ ಯುಪಿಎಸ್ ಟೂಲ್ಸ್. ನಟ್ ಅಂತಾರೆ, ಪುಕ್ಕಟೆ, ಬೇರೆ ಬೇರೆ ಕಂಪನಿಯ ನೂರಾರು ಮಾಡೆಲ್‌ಗಳಿಗೆ ಆಗುತ್ತದೆ. ಅದರಲ್ಲಿ ಮೂರು ಜನ ಕೆಲಸಗಾರರು. ಡ್ರೈವರ್ ಯುಪಿಎಸ್ ಭಾಷೆ ತಿಳಿಯುತ್ತದೆ. ಯುಪಿಎಸ್‌ಡಿ ಅದನ್ನು ಕೇಳಿದವರಿಗೆಲ್ಲ 3493 ಪೋರ್ಟ್‌ನಲ್ಲಿ ಹೇಳುತ್ತದೆ. ಯುಪಿಎಸ್‌ಮಾನ್ ಕೇಳಿಸಿಕೊಂಡು ಸರ್ವರ್ ಮಲಗಿಸುತ್ತದೆ, ಅಂದರೆ ಸರಿಯಾಗಿ ಶಟ್‌ಡೌನ್ ಮಾಡುತ್ತದೆ. ಈಗ ಏನು ನಡೆಯುತ್ತಿದೆ ಅಂತ ನಾವು ನೋಡಲು ಇರುವ ಕಮಾಂಡ್ ಹೆಸರು ಯುಪಿಎಸ್‌ಸಿ. "ಯುಪಿಎಸ್‌ಸಿ ಒಂದ್ಸಲ ನೋಡಿ" ಅಂತ ಫೋನಿನಲ್ಲಿ ಹೇಳಿದ್ದಕ್ಕೆ ಯಜಮಾನರು "ಈ ವಯಸ್ಸಲ್ಲಿ ಎಲ್ಲಿ ಸರ್ ಐಎಎಸ್" ಅಂದರು.

ಯುಎಸ್‌ಬಿ ಪಟ್ಟಿಯಲ್ಲಿ ಈ ಯುಪಿಎಸ್ 0665:5161 ಅಂತ ಕಂಡಿತು. ಅಗ್ಗದ ಯುಪಿಎಸ್‌ಗಳಲ್ಲಿ ಇದು ತುಂಬಾ ಸಿಗುವ ನಂಬರ್. ಇವು ಮೆಗಾಟೆಕ್ ಅನ್ನುವ ಹಳೇ ಭಾಷೆ ಆಡುತ್ತವೆ, ಇದಕ್ಕೆ ನಟ್‌ನ ಕ್ಯೂಎಕ್ಸ್ ಡ್ರೈವರ್ ಬೇಕು. ಮೊದಲ ದಿನ ಪರ್ಮಿಷನ್ ಇಲ್ಲ ಅನ್ನುವ ಎರರ್. ಒಂದು ಗಂಟೆ ತಲೆ ಕೆರೆದುಕೊಂಡ ಮೇಲೆ ಕೇಬಲ್ ಕಿತ್ತು ಮತ್ತೆ ಚುಚ್ಚಿದೆ, ಸರಿ ಹೋಯಿತು. ನಟ್ ಇನ್‌ಸ್ಟಾಲ್ ಆಗುವ ಮೊದಲೇ ಕೇಬಲ್ ಹಾಕಿದ್ದೆ, ಯುಪಿಎಸ್ ಮುಟ್ಟಲು ನಟ್‌ಗೆ ಅನುಮತಿ ಕೊಡುವ ಹೊಸ ನಿಯಮ ಆ ಪೋರ್ಟ್‌ಗೆ ಹತ್ತಿರಲಿಲ್ಲ, ಅಷ್ಟೇ.

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. ತೆರೆಯ ಮೇಲೆ ಬ್ಯಾಟರಿ ಚಾರ್ಜ್ 100 ಅಂತ ಬಂತು. ಎಲ್ಲರಿಗೂ ಖುಷಿ. ಆದರೆ ಆ ನೂರನ್ನು ಯುಪಿಎಸ್ ಹೇಳಿರಲಿಲ್ಲ. ಮೆಗಾಟೆಕ್ ಭಾಷೆಯಲ್ಲಿ ಬರುವುದು ಇನ್‌ಪುಟ್ ವೋಲ್ಟೇಜ್, ಔಟ್‌ಪುಟ್ ವೋಲ್ಟೇಜ್, ಲೋಡ್, ಫ್ರೀಕ್ವೆನ್ಸಿ, ಬ್ಯಾಟರಿ ವೋಲ್ಟೇಜ್, ಇಂಥವು. ಪರ್ಸೆಂಟ್ ಅನ್ನುವುದನ್ನು ಡ್ರೈವರ್ ತಾನೇ ಲೆಕ್ಕ ಕಟ್ಟುತ್ತದೆ. 12 ವೋಲ್ಟ್ ಬ್ಯಾಟರಿಯಾದರೆ 13 ವೋಲ್ಟ್ ಅಂದರೆ ತುಂಬಿದೆ, 10.4 ಅಂದರೆ ಖಾಲಿ, ನಡುವೆ ಸಮಾ ಗೆರೆ. ಬ್ಯಾಟರಿ ಹಾಗೆ ಸಮವಾಗಿ ಇಳಿಯುವುದಿಲ್ಲ ಅಲ್ವಾ. ತುಂಬಾ ಹೊತ್ತು ನಿಧಾನಕ್ಕೆ ಇಳಿದು, ಕೊನೆಗೆ ದಢಾರಂತ ಬೀಳುತ್ತದೆ. ಹಳೆಯದಾದರಂತೂ ಇನ್ನೂ ಬೇಗ ಬೀಳುತ್ತದೆ.

ಹಾಗಾಗಿ ಬಲ್ಬ್ ಟೆಸ್ಟ್ ಮಾಡಿದೆವು. ಸರ್ವರ್‌ನ ಪ್ಲಗ್ಗನ್ನು ಗೋಡೆಗೆ ಹಾಕಿ, ಯುಪಿಎಸ್‌ಗೆ 60 ವ್ಯಾಟಿನ ಹಳೇ ಗುಂಡು ಬಲ್ಬ್ ಹಾಕಿದೆವು. ಯುಎಸ್‌ಬಿ ಕೇಬಲ್ ಮಾತ್ರ ಸರ್ವರ್‌ನಲ್ಲೇ ಇತ್ತು. ಟೆಸ್ಟ್ ಮುಗಿಯುವವರೆಗೆ ಶಟ್‌ಡೌನ್ ಮಾಡುವ ಯುಪಿಎಸ್‌ಮಾನ್ ನಿಲ್ಲಿಸಿದ್ದೆ. ಹೀಗೆ ಮಾಡಿದರೆ ಯುಪಿಎಸ್ ಪೂರ್ತಿ ಸತ್ತರೂ ಸರ್ವರ್ ಎದ್ದಿದ್ದು ಎಲ್ಲ ಬರೆದುಕೊಳ್ಳುತ್ತದೆ. ಯುಪಿಎಸ್ ಪ್ಲಗ್ ಕೀಳಬೇಡಿ, ಕಿತ್ತರೆ ಅರ್ಥಿಂಗ್ ಕೂಡ ಹೋಗುತ್ತದೆ. ಸಾಕೆಟ್‌ನ ಸ್ವಿಚ್ ಆಫ್ ಮಾಡಿದರೆ ಸಾಕು.

ಸ್ವಿಚ್ ಆಫ್. ಬ್ಯಾಟರಿ 12.4 ವೋಲ್ಟ್, ತೆರೆಯ ಮೇಲೆ 77 ಪರ್ಸೆಂಟ್. ಮೂರು ನಿಮಿಷಕ್ಕೆ 11.6, ಅಂದರೆ 46. ಇನ್ನೂ ಅರ್ಧ ಇದೆ ಅಂತ ಯಜಮಾನರು ಚಹಾ ತರಲು ಎದ್ದರು. ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡಿಗೆ ಬಲ್ಬ್ ಆರಿತು. ಬ್ಯಾಟರಿ ಲೋ ಅನ್ನುವ ಸೂಚನೆ ಬಂದದ್ದು ಆರುವ ಸುಮಾರು ಇಪ್ಪತ್ತು ಸೆಕೆಂಡ್ ಮುಂಚೆ. ಡೇಟಾಬೇಸ್ ಎಲ್ಲ ನಿಲ್ಲಿಸಿ ಸರ್ವರ್ ಪೂರ್ತಿ ಮಲಗಲು ಬೇಕಾದದ್ದು 70 ಸೆಕೆಂಡ್. ನಟ್ ಯಾರೂ ಬೇರೆ ಹೇಳದಿದ್ದರೆ ಆ ಲೋ ಸೂಚನೆಗೇ ಕಾಯುತ್ತದೆ. ಅಂದರೆ ಎಲ್ಲ ಸರಿಯಾಗಿ ಜೋಡಿಸಿ, ಎಲ್ಲ ಹಸಿರು ತೋರಿಸಿ, ನಿಜವಾದ ಕೆಲಸದ ದಿನ ಸರ್ವರ್ ಮತ್ತೆ ಬೀಳುತ್ತಿತ್ತು.

ಬ್ಯಾಟರಿ ಬಿಚ್ಚಿ ನೋಡಿದೆವು. ಒಳಗೆ ಎಲ್ಲದರಲ್ಲೂ ಇರುವಂಥದ್ದೇ 12 ವೋಲ್ಟ್ 7 ಎಎಚ್, ತಯಾರಾಗಿ ಎರಡು ವರ್ಷ ದಾಟಿತ್ತು. ಶೋಕೇಸಿನಲ್ಲಿ ಕೂತೇ ಮುದುಕಾಗಿತ್ತು. ಹೊಸದು ಹಾಕಿದ ಮೇಲೆ ಅದೇ ಬಲ್ಬ್ ಇಪ್ಪತ್ತು ನಿಮಿಷದ ಮೇಲೆ ಉರಿಯಿತು. ಆದರೂ ಪರ್ಸೆಂಟ್ ನಂಬುವುದು ಬೇಡ ಅಂತ ತೀರ್ಮಾನ ಮಾಡಿದೆವು. ಗಡಿಯಾರ ನಂಬೋಣ. ಯುಪಿಎಸ್ ಬ್ಯಾಟರಿಗೆ ಹೋಗಿ 90 ಸೆಕೆಂಡ್ ಆಯಿತಾ, ಮಲಗು. ಅದರೊಳಗೆ ಕರೆಂಟ್ ಬಂದರೆ ಲೆಕ್ಕ ರದ್ದು. ನಟ್‌ನ ಯುಪಿಎಸ್‌ಶೆಡ್ ಇದಕ್ಕೇ ಇರುವುದು.

ಯುಪಿಎಸ್ ಇನ್ವರ್ಟರ್ ಲೈನಿನಲ್ಲೇ ಇತ್ತು. ಲೆಕ್ಕ ಏನೆಂದರೆ, ಇನ್ವರ್ಟರ್ ಕರೆಂಟನ್ನೇ ಯುಪಿಎಸ್ ಮೇನ್ ಲೈನ್ ಅಂದುಕೊಳ್ಳುತ್ತದೆ, ಅದು ಖಾಲಿಯಾದಾಗ ಮಾತ್ರ ತನ್ನ ಬ್ಯಾಟರಿಗೆ ಬರುತ್ತದೆ, ಆಗ 90 ಸೆಕೆಂಡ್. ಕೇಳಲು ಚೆಂದ. ಮೊದಲ ವಾರವೇ ಸರ್ವರ್ ಆರು ಸಲ ಮಲಗಿತು. ಕರೆಂಟ್ ಹೋದ ತಕ್ಷಣ ಮೆಟ್ಟಿಲ ಕೆಳಗೆ ಟಕ್ ಟಕ್ ಟಕ್. ಇನ್‌ಪುಟ್ ವೋಲ್ಟೇಜ್ ಒಮ್ಮೆ 180, ಒಮ್ಮೆ ಸೊನ್ನೆ. ಇನ್ವರ್ಟರ್ ಹಳೇ ಸ್ಕ್ವೇರ್ ವೇವ್‌ನದು, ಅಂದರೆ ಅದರ ಕರೆಂಟಿನ ಅಲೆ ಬೀದಿ ಕರೆಂಟಿನ ಹಾಗೆ ನಯವಾಗಿ ಏರಿಳಿಯದೆ ಚೌಕ ಚೌಕವಾಗಿ ಹಾರುತ್ತದೆ. ಆ ಕರೆಂಟು ಈ ಯುಪಿಎಸ್‌ಗೆ ಹಿಡಿಸಲಿಲ್ಲ, ಇದು ಕರೆಂಟೇ ಅಲ್ಲ ಅಂತ ತನ್ನ ಬ್ಯಾಟರಿಗೆ ಹೋಗಿ ಕೂರುತ್ತಿತ್ತು.

ಎರಡು ದಾರಿ ಇತ್ತು. ಯುಪಿಎಸ್‌ನ ಪ್ಲಗ್ಗನ್ನು ಇನ್ವರ್ಟರ್ ಇಲ್ಲದ ಸಾಕೆಟ್‌ಗೆ ಹಾಕಬಹುದು, ಖರ್ಚಿಲ್ಲ. ಆದರೆ ಕರೆಂಟ್ ಹೋದಾಗಲೆಲ್ಲ ಸರ್ವರ್ ಬಂದ್, ಹಗಲು ಎಡಿಟಿಂಗ್ ನಿಲ್ಲುತ್ತದೆ. ಇಲ್ಲದಿದ್ದರೆ ಬೀದಿ ಕರೆಂಟಿನಂಥದ್ದೇ ಅಲೆ ಕೊಡುವ ಸೈನ್ ವೇವ್ ಇನ್ವರ್ಟರ್ ತರಬೇಕು, ಬ್ಯಾಟರಿ ಹಳೆಯದೇ ಆಗುತ್ತದೆ. ನಾನು ಮೊದಲನೆಯದೇ ಸಾಕು ಅಂದೆ. ತೀರ್ಮಾನ ಮಾಡಿದ್ದು ನಾನೂ ಅಲ್ಲ, ಯಜಮಾನರೂ ಅಲ್ಲ. ಅವರ ತಾಯಿ ಕೇಳಿದರು, "ಹೊಸದು ತಂದ್ರೆ ಫ್ಯಾನ್ ಗುಂಯ್ ಅನ್ನೋದು ನಿಲ್ಲುತ್ತಾ?" ನಿಲ್ಲುತ್ತದಮ್ಮ, ಆ ಸದ್ದೂ ಸ್ಕ್ವೇರ್ ವೇವ್‌ದೇ ಅಂದೆ. ಮರುದಿನ ಇನ್ವರ್ಟರ್ ಬಂತು. ಆ ಇನ್ವರ್ಟರ್ ಹಿಂದೆ "ಯುಪಿಎಸ್", "ನಾರ್ಮಲ್" ಅಂತ ಬರೆದ ಒಂದು ಸ್ವಿಚ್ ಇರುತ್ತದೆ. ಕಂಪ್ಯೂಟರ್ ಇದ್ದವರು ಯುಪಿಎಸ್ ಕಡೆ ಹಾಕುತ್ತಾರೆ. ನಾವು ನಾರ್ಮಲ್‌ಗೆ ಹಾಕಿದೆವು. ಯುಪಿಎಸ್ ಕಡೆ ಇದ್ದರೆ ಸಂಜೆ ವೋಲ್ಟೇಜ್ ಇಳಿದಾಗಲೆಲ್ಲ ಇನ್ವರ್ಟರ್ ಬ್ಯಾಟರಿಗೆ ಹೋಗುತ್ತದೆ, ದೊಡ್ಡ ಬ್ಯಾಟರಿ ಹಾಗೆ ಸವೆಯುವುದು ಬೇಡ. ಬದಲಾಗುವ ಆ ಕ್ಷಣದ ಗ್ಯಾಪ್ ತುಂಬಲು ಈಗ ಬೇರೆ ಯುಪಿಎಸ್ ಇದೆಯಲ್ಲ.

ಟಕ್ ಟಕ್ ನಿಂತಿತು. ಇನ್ನು ಮುಗಿಯಿತು ಅಂದುಕೊಂಡಾಗ ನನ್ನ ಸ್ವಂತ ತಪ್ಪು ಹೊರಬಿತ್ತು. ಒಂದು ಸಂಜೆ ಇನ್ವರ್ಟರ್ ಖಾಲಿಯಾಗಿ, ಸರ್ವರ್ ಚೆನ್ನಾಗಿ ಮಲಗುತ್ತಿದ್ದ ಹೊತ್ತಿಗೇ ಕರೆಂಟ್ ಬಂತು. ಸರ್ವರ್ ಪೂರ್ತಿ ಮಲಗಿತು, ಮತ್ತೆ ಏಳಲೇ ಇಲ್ಲ. ಕರೆಂಟ್ ಬಂದಾಗ ತಾನೇ ಆನ್ ಆಗು ಅಂತ ಬಯೋಸ್‌ನಲ್ಲಿ, ಅಂದರೆ ಕಂಪ್ಯೂಟರ್ ಬೋರ್ಡಿನೊಳಗಿನ ಮೂಲ ಸೆಟ್ಟಿಂಗ್‌ನಲ್ಲಿ, ಹೇಳಿದ್ದೆವು. ಆದರೆ ಸರ್ವರ್‌ನ ಕಣ್ಣಿಗೆ ಕರೆಂಟ್ ಹೋಗಿದ್ದೇ ಇಲ್ಲ, ಯುಪಿಎಸ್ ಕೊಡುತ್ತಲೇ ಇತ್ತು. ಇದಕ್ಕೆ ನಟ್‌ನಲ್ಲಿ ಮದ್ದು ಇದೆ. ಕೊನೇ ಗಳಿಗೆಯಲ್ಲಿ ಯುಪಿಎಸ್‌ಗೇ ಹೇಳುತ್ತದೆ, 30 ಸೆಕೆಂಡ್ ಬಿಟ್ಟು ನೀನು ಔಟ್‌ಪುಟ್ ಕಡಿ, ಕರೆಂಟ್ ಇದ್ದರೆ ಮೂರು ನಿಮಿಷ ಬಿಟ್ಟು ಮತ್ತೆ ಕೊಡು ಅಂತ. ಕ್ಯೂಎಕ್ಸ್ ಡ್ರೈವರ್‌ನಲ್ಲಿ ಮೊದಲೇ ಇರುವ ಲೆಕ್ಕ 30 ಮತ್ತು 180. ಆದರೆ ಅದು ನಡೆಯಬೇಕಾದರೆ ಶಟ್‌ಡೌನ್ ಯುಪಿಎಸ್‌ಮಾನ್ ಮೂಲಕವೇ ಆಗಬೇಕು, ಎಫ್‌ಎಸ್‌ಡಿ ಅನ್ನುವ ಕಮಾಂಡ್‌ನಲ್ಲಿ. ನಾನು ಸ್ಕ್ರಿಪ್ಟ್‌ನಲ್ಲಿ ಸೋಮಾರಿತನಕ್ಕೆ ಸುಮ್ನೆ ಶಟ್‌ಡೌನ್ ಅಂತ ಬರೆದಿದ್ದೆ. ಯುಪಿಎಸ್‌ಗೆ ಸುದ್ದಿಯೇ ಮುಟ್ಟಿರಲಿಲ್ಲ. ಒಂದು ಸಾಲು ಬದಲಿಸಿದೆ, ಎರಡು ಸಲ ಪರೀಕ್ಷೆ ಮಾಡಿದೆವು, ಎರಡೂ ಸಲ ಎದ್ದಿತು.

ಉಳಿದದ್ದು ರಾತ್ರಿ. ಇನ್ವರ್ಟರ್ ಮೇಲೆ ರಾತ್ರಿಯಿಡೀ ಸರ್ವರ್ ಓಡಿದರೆ ಆ 60 ವ್ಯಾಟ್ ಹೋಗುವುದು ತಾಯಿಯವರ ಫ್ಯಾನಿನಿಂದ. ಅದಕ್ಕೆ ಆ ಸ್ಮಾರ್ಟ್ ಪ್ಲಗ್ಗನ್ನು ಮತ್ತೆ ಕೆಲಸಕ್ಕೆ ಕರೆದೆವು, ಈ ಸಲ ಕಟ್ಟುಪಾಡು ಹಾಕಿ. ಪ್ಲಗ್ ಉತ್ತರ ಕೊಡಬಾರದು, ಅದೇ ಹೊತ್ತಿಗೆ ರೌಟರ್ ಉತ್ತರ ಕೊಡಬೇಕು, ಎರಡೂ ಆದರೆ ಮಾತ್ರ ಕರೆಂಟ್ ಇಲ್ಲ ಅಂತ ಲೆಕ್ಕ. ರೌಟರ್ರೂ ಸಿಗದಿದ್ದರೆ ಏನೂ ತೀರ್ಮಾನ ಮಾಡಬೇಡ. ಸಾಕೆಟ್ ಕೂಡ ಯಾರ ಕೈಗೂ ಸಿಗದ ಅಟ್ಟದ ಮೇಲಿನದು, ಇಸ್ತ್ರಿಗೆ ಆಗುವುದಿಲ್ಲ. ರಾತ್ರಿ ಹನ್ನೊಂದರ ಮೇಲೆ ಅರ್ಧ ಗಂಟೆ ಕರೆಂಟ್ ಇಲ್ಲದಿದ್ದರೆ ಸರ್ವರ್ ಮಲಗುತ್ತದೆ. ಹಗಲು ಈ ನಿಯಮ ಇಲ್ಲ.

ಇಲ್ಲಿ ಮಾತ್ರ ಎಫ್‌ಎಸ್‌ಡಿ ಬಳಸಲಿಲ್ಲ, ಬರೀ ಶಟ್‌ಡೌನ್. ಯಾಕೆಂದರೆ ಇನ್ವರ್ಟರ್ ಇನ್ನೂ ಓಡುತ್ತಿರುತ್ತದೆ. ಯುಪಿಎಸ್ ಅದನ್ನು ಕರೆಂಟ್ ಅಂದುಕೊಂಡು ಮೂರು ನಿಮಿಷದಲ್ಲಿ ಸರ್ವರ್ ಎಬ್ಬಿಸಿಬಿಡುತ್ತದೆ, ಸರ್ವರ್ ಮತ್ತೆ ಅರ್ಧ ಗಂಟೆ ಕಾಯುತ್ತದೆ, ಮತ್ತೆ ಮಲಗುತ್ತದೆ, ಬೆಳಗಿನವರೆಗೆ ಇದೇ ಆಟ. ಎಬ್ಬಿಸಲು ಬಯೋಸ್‌ನಲ್ಲಿ ಬೆಳಿಗ್ಗೆ ಆರೂವರೆಗೆ ಅಲಾರಂ ಇಟ್ಟೆವು.

ಮತ್ತೆ ಮೊದಲಿನಿಂದ ಮಾಡುವುದಾದರೆ ನಾನು ಬಲ್ಬ್ ಟೆಸ್ಟ್‌ನಿಂದಲೇ ಶುರು ಮಾಡುತ್ತೇನೆ, ಸಾಫ್ಟ್‌ವೇರ್ ಆಮೇಲೆ. ಇನ್ವರ್ಟರ್ ಯಾವ ವೇವ್ ಅಂತ ಯುಪಿಎಸ್ ಕೊಳ್ಳುವ ಮೊದಲು ಕೇಳುತ್ತೇನೆ. ಮಲಗುವುದನ್ನು ಎಷ್ಟು ಸಲ ಪರೀಕ್ಷೆ ಮಾಡುತ್ತೇನೋ ಏಳುವುದನ್ನೂ ಅಷ್ಟೇ ಸಲ ಮಾಡುತ್ತೇನೆ. ಕಾರ್ಡ್ ಫಾರ್ಮ್ಯಾಟ್ ಮಾಡುವ ವಿಷಯದಲ್ಲಿ ಯಜಮಾನರು ತಾವೇ ಒಂದು ನಿಯಮ ಮಾಡಿಕೊಂಡಿದ್ದಾರೆ, ಕಾಪಿ ಆದ ಮರುದಿನ ಫೋಟೋ ತೆರೆದು ನೋಡಿದ ಮೇಲೆಯೇ. ಯುಪಿಎಸ್ ನೆತ್ತಿಯ ಮೇಲೆ ಬ್ಯಾಟರಿ ಹಾಕಿದ ತಾರೀಖು ಮಾರ್ಕರ್‌ನಲ್ಲಿ ಬರೆದಿದೆ. ಆರು ತಿಂಗಳಿಗೊಮ್ಮೆ ಗುಂಡು ಬಲ್ಬ್ ಹೊರಗೆ ಬರುತ್ತದೆ.

ಆಮೇಲೆ ಗಾಳಿ ಮಳೆ ಬಂದು ರಾತ್ರಿ ಕರೆಂಟ್ ಹೋದದ್ದುಂಟು. ಸರ್ವರ್ ಹೇಳಿದ ಹೊತ್ತಿಗೆ ಮಲಗಿದೆ, ಆರೂವರೆಗೆ ಎದ್ದಿದೆ. ಕರೆಂಟ್ ಹೋದಾಗ, ಬಂದಾಗ ಮನೆಯವರ ಫೋನಿಗೆ ಮೆಸೇಜ್ ಬರುವ ಹಾಗೂ ಮಾಡಿದ್ದೆವು. ಯಜಮಾನರು ಅದನ್ನು ಮ್ಯೂಟ್ ಮಾಡಿಟ್ಟಿದ್ದಾರೆ. ಹೊಸ ಇನ್ವರ್ಟರ್ ಬಂದ ಮೇಲೆ ಫ್ಯಾನು ಗುಂಯ್ ಅನ್ನುವುದಿಲ್ಲ, ಹಾಗಾಗಿ ಕರೆಂಟ್ ಇದೆಯೋ ಇಲ್ಲವೋ ಅಂತಲೇ ತಾಯಿಯವರಿಗೆ ಗೊತ್ತಾಗುತ್ತಿರಲಿಲ್ಲ. ನೀರಿನ ಮೋಟರ್ ಇನ್ವರ್ಟರ್ ಲೈನಿನಲ್ಲಿ ಇಲ್ಲ. ಈಗ ಕರೆಂಟ್ ಬಂತು ಅಂತ ಅವರ ಫೋನ್ ಟಿಂಗ್ ಅಂದರೆ ಸಾಕು, ಕೈಯಲ್ಲಿರುವ ಕೆಲಸ ಬಿಟ್ಟು ಮೊದಲು ಮೋಟರ್ ಹಾಕುತ್ತಾರೆ. ಹೋದ ತಿಂಗಳು ಸ್ಮಾರ್ಟ್ ಪ್ಲಗ್ ಎರಡು ದಿನ ಕೆಟ್ಟಿತ್ತು. ನನಗೆ ಫೋನ್ ಮಾಡಿದ್ದು ಫೋಟೋಗ್ರಾಫರ್ ಅಲ್ಲ. "ಏನಪ್ಪಾ, ನಿನ್ ಮೆಸೇಜ್ ಬರ್ಲಿಲ್ಲ, ಟ್ಯಾಂಕ್ ಖಾಲಿ" ಅಂದರು.